ಹಳೆಯ ಲ್ಯಾಪ್‌ಟಾಪಿಗೆ ಮರಣಶಾಸನ ಬರೆಯುವವರು ಯಾರು?

ಕಾಡು, ಕೆರೆ, ಗೋಮಾಳಗಳ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಲ್ಯಾಪ್‌ಟಾಪಿನ ಮಾತೇಕೆ ಎಂದು ಕೆಲವರಾದರೂ ಹುಬ್ಬೇರಿಸಬಹುದು. ಆದರೆ ಕೊಂಡಜ್ಜಿಯ ಗುಡ್ಡದ ಸೆರಗಿನ ಊರುಗಳಿಂದ ಹರಿಹರಕ್ಕೂ ದಾವಣಗೆರೆಗೂ ಓದಲು ಹೋಗುವ ಮಕ್ಕಳ ಚೀಲದಲ್ಲಿ ಇಂದು ಪುಸ್ತಕದ ಜೊತೆಗೆ ಲ್ಯಾಪ್‌ಟಾಪೂ ಇದೆ. ಬಹುಪಾಲು ಅದು ಹೊಸದಲ್ಲ. ಅಣ್ಣ ಬಳಸಿ ತಮ್ಮನಿಗೆ ಕೊಟ್ಟದ್ದು, ನಗರದ ನೆಂಟರು ಉದಾರವಾಗಿ ದಾಟಿಸಿದ್ದು, ಇಲ್ಲವೇ ಅಪ್ಪ ಮೆಕ್ಕೆಜೋಳ ಮಾರಿದ ವರ್ಷ ಅರ್ಧ ಬೆಲೆಗೆ ಕೊಂಡದ್ದು. ಇಂಥ ಯಂತ್ರಗಳನ್ನು ಹೊತ್ತು ನಮ್ಮ ಬಳಗದ ಸಭೆಗಳಿಗೆ ಬರುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಲ್ಯಾಪ್‌ಟಾಪ್ ತುಂಬ ನಿಧಾನವಾಗಿದೆ. ಮೆಮೊರಿ ಹೆಚ್ಚಿಸೋಣವೆಂದರೆ ಆಪರೇಟಿಂಗ್ ಸಿಸ್ಟಂ ಕೂಡ ಬದಲಿಸಬೇಕಂತೆ. ಅಷ್ಟೆಲ್ಲ ಮಾಡುವುದೋ, ಇದನ್ನು ಎಸೆದು ಹೊಸದು ಕೊಳ್ಳುವುದೋ?"

ಮೇಲುನೋಟಕ್ಕೆ ಇದು ಅಂಗಡಿಯವನು ಉತ್ತರಿಸಬೇಕಾದ ಪ್ರಶ್ನೆ. ಅಂಗಡಿಯವನ ಉತ್ತರ ಯಾವುದಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಒಂದು ವಸ್ತುವಿನ ಆಯುಷ್ಯ ಮುಗಿಯಿತೆಂದು ನಿರ್ಧರಿಸುವ ಹಕ್ಕು ಬಳಸುವವನದೋ ಮಾರುವವನದೋ ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ಪ್ರಶ್ನೆಯ ಹೊಟ್ಟೆಯಲ್ಲಿದೆ. ಆದ್ದರಿಂದ ಇದು ಪರಿಸರದ ಪ್ರಶ್ನೆಯೂ ಹೌದು. ಕಣ್ಣುಮುಚ್ಚಿ ಹೊಸದನ್ನು ಕೊಳ್ಳುವ ಮೊದಲು ನಾವು ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಚರ್ಚಿಸಲಾಗಿದೆ.

ಕಣ ಮತ್ತು ಕಣಜ

ಕಂಪ್ಯೂಟರಿನಲ್ಲಿ ಎರಡು ಬಗೆಯ ಸಂಗ್ರಹವಿರುತ್ತದೆ. ನಾವು ಉಳಿಸಿಟ್ಟ ಕಡತ, ಚಿತ್ರ, ಹಾಡುಗಳೆಲ್ಲ ಇರುವುದು ಡಿಸ್ಕಿನಲ್ಲಿ. ಅದು ನಮ್ಮ ಮನೆಯ ಕಣಜ ಅಥವಾ ಹಗೇವು ಇದ್ದಂತೆ. ವಿದ್ಯುತ್ತು ಹೋದರೂ ಅದರೊಳಗಿನ ಕಾಳು ಅಲ್ಲಿಯೇ ಇರುತ್ತದೆ. ಇನ್ನೊಂದು ರ‍್ಯಾಮ್ ಎಂದು ಕರೆಯಲಾಗುವ ಮೆಮೊರಿ. ಅದು ಒಕ್ಕಲಾಟದ ಕಣ. ಈ ಹೊತ್ತು ನಡೆಯುತ್ತಿರುವ ಕೆಲಸಕ್ಕೆ ಬೇಕಾದುದನ್ನು ಮಾತ್ರ ಅಲ್ಲಿ ಹರಡಿಕೊಳ್ಳುತ್ತೇವೆ. ಕೆಲಸ ಮುಗಿದ ಮೇಲೆ ಕಣ ಬರಿದು. ಕಣ ಚಿಕ್ಕದಾಗಿದ್ದರೆ ತೆನೆಯನ್ನು ಸ್ವಲ್ಪ ಸ್ವಲ್ಪವೇ ತಂದು, ಒಕ್ಕಿ, ಮತ್ತೆ ಒಳಗೆ ಸಾಗಿಸಿ, ಇನ್ನಷ್ಟನ್ನು ತರಬೇಕಾಗುತ್ತದೆ. ಮೆಮೊರಿ ಸಾಲದ ಲ್ಯಾಪ್‌ಟಾಪ್ ಮಾಡುವುದೂ ಇದನ್ನೇ. ಡಿಸ್ಕಿಗೂ ಮೆಮೊರಿಗೂ ನಡುವೆ ಹೊತ್ತು ತಿರುಗುವುದರಲ್ಲಿಯೇ ಅದರ ಕಾಲವೆಲ್ಲ ಕಳೆದುಹೋಗುತ್ತದೆ. ನಾವು ಅದನ್ನು ನಿಧಾನವಾಯಿತು, ಮುದಿಯಾಯಿತು ಎನ್ನುತ್ತೇವೆ. ನಿಜವೆಂದರೆ ಯಂತ್ರಕ್ಕೆ ಮುಪ್ಪು ಬಂದಿಲ್ಲ. ಕೆಲಸ ದೊಡ್ಡದಾಗಿದೆ, ಕಣ ಮಾತ್ರ ಹಿಂದಿನಷ್ಟೇ ಇದೆ.

ಹಾಗಾದರೆ ಕಣವನ್ನು ದೊಡ್ಡದು ಮಾಡಿದರಾಯಿತಲ್ಲ? ಇಲ್ಲಿ ಕಾರ್ಯಾಚರಣ ವ್ಯವಸ್ಥೆಯ, ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಪ್ರಶ್ನೆ ಬರುತ್ತದೆ. ಯಂತ್ರದ ಭಾಗಗಳನ್ನೆಲ್ಲ ನಡೆಸುವ, ಮೆಮೊರಿಯ ಯಾವ ಮೂಲೆಯಲ್ಲಿ ಏನಿದೆ ಎಂಬ ಲೆಕ್ಕವಿಡುವ ಮೂಲ ತಂತ್ರಾಂಶವದು. ವಿಂಡೋಸ್, ಲಿನಕ್ಸ್ ಇವೆಲ್ಲ ಅಂಥವು. ಮೆಮೊರಿಯ ಪ್ರತಿಯೊಂದು ಪುಟ್ಟ ಕೋಣೆಗೂ ಒಂದು ಮನೆ ನಂಬರು ಇರಬೇಕು. ನಂಬರಿಲ್ಲದ ಮನೆಗೆ ಅಂಚೆಯವನು ಹೋಗಲಾರ. 32-ಬಿಟ್ ವ್ಯವಸ್ಥೆಯಲ್ಲಿ ಈ ನಂಬರನ್ನು 32 ಸ್ಥಾನಗಳಲ್ಲಿ ಬರೆಯುತ್ತಾರೆ. ಪ್ರತಿ ಸ್ಥಾನದಲ್ಲೂ ಸೊನ್ನೆ ಅಥವಾ ಒಂದು ಮಾತ್ರ ಇರಬಹುದಾದ್ದರಿಂದ ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296 ನಂಬರುಗಳು ದೊರೆಯುತ್ತವೆ. ಇದೇ ನಾವು ಕೇಳುವ 4 ಜಿಬಿ. ಅದರಲ್ಲಿಯೂ ಪರದೆ, ಧ್ವನಿ ಮೊದಲಾದ ಭಾಗಗಳಿಗೆಂದು ಒಂದಷ್ಟು ನಂಬರುಗಳನ್ನು ಮೀಸಲಿಡಬೇಕಾಗುವುದರಿಂದ, 4 ಜಿಬಿ ಹಾಕಿದರೂ 32-ಬಿಟ್ ವಿಂಡೋಸ್ ಸಾಮಾನ್ಯವಾಗಿ 3ರಿಂದ 3.5 ಜಿಬಿಯಷ್ಟನ್ನೇ ಬಳಸಿಕೊಳ್ಳುತ್ತದೆ. 8 ಜಿಬಿ ಹಾಕಿದರೂ ಅಷ್ಟೇ. ಉಳಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ. 64-ಬಿಟ್ ವ್ಯವಸ್ಥೆಯಲ್ಲಿ ನಂಬರು ಬರೆಯಲು ಜಾಗ ಎರಡು ಪಟ್ಟು ಇರುವುದರಿಂದ ನಮ್ಮ ಮನೆಗಳಲ್ಲಿರುವ ಯಾವ ಲ್ಯಾಪ್‌ಟಾಪಿಗೂ ಈ ಕೊರತೆ ಬಾರದು. "ಮೆಮೊರಿ ಬೇಕಾದರೆ ಆಪರೇಟಿಂಗ್ ಸಿಸ್ಟಂ ಬದಲಿಸಿ" ಎಂಬ ಸಲಹೆಯ ಮೂಲ ಇದು. ಸಲಹೆ ಸುಳ್ಳಲ್ಲ. ಆದರೆ ಎಲ್ಲರಿಗೂ ಅನ್ವಯಿಸುವುದೂ ಇಲ್ಲ.

ಮೂರು ಬಗೆಯ ಬೇಲಿಗಳು

"ಇದು ಇಷ್ಟಕ್ಕಿಂತ ಮುಂದೆ ಹೋಗದು" ಎಂದು ಯಾರಾದರೂ ಹೇಳಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಈ ಬೇಲಿಯನ್ನು ಹಾಕಿದವರು ಯಾರು ಎಂಬುದು. ಗುಡ್ಡದ ಜನರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಹಳ್ಳ ಅಡ್ಡ ಬಂದು ದಾರಿ ನಿಂತಿತೆಂದರೆ ಅದು ನಿಸರ್ಗದ ಗಡಿ. ಊರ ಗೋಮಾಳಕ್ಕೆ ತಂತಿ ಬಿಗಿದು ದಾರಿ ನಿಲ್ಲಿಸಿದರೆ ಅದು ಮನುಷ್ಯ ಹಾಕಿದ ಬೇಲಿ. ಮೊದಲನೆಯದರ ಮುಂದೆ ನಾವು ತಲೆಬಾಗುತ್ತೇವೆ. ಎರಡನೆಯದನ್ನು ಪ್ರಶ್ನಿಸುತ್ತೇವೆ.

ಲ್ಯಾಪ್‌ಟಾಪಿನಲ್ಲಿಯೂ ಮೊದಲನೆಯದು ಯಂತ್ರದ ಗಡಿ. 2008–2010ರ ಸುಮಾರಿಗೆ ನೆಟ್‌ಬುಕ್ ಎಂಬ ಹೆಸರಿನಿಂದ ಬಂದ ಪುಟ್ಟ ಲ್ಯಾಪ್‌ಟಾಪುಗಳ ಪೈಕಿ ಅನೇಕವು 2 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಸ್ವೀಕರಿಸಲಾರವು. ಕೆಲವುಗಳ ಪ್ರೊಸೆಸರ್ ಹುಟ್ಟಿನಿಂದಲೇ 32-ಬಿಟ್. ಅಂಥವಕ್ಕೆ ಯಾವ ಕಾರ್ಯಾಚರಣ ವ್ಯವಸ್ಥೆ ಹಾಕಿದರೂ ಕಣ ಹಿಗ್ಗುವುದಿಲ್ಲ.

ಎರಡನೆಯದು ಮಾರುವವರು ತಂತ್ರಾಂಶದಲ್ಲಿ ಹಾಕಿದ ಬೇಲಿ. ವಿಂಡೋಸ್ 7ರ 'ಸ್ಟಾರ್ಟರ್' ಎಂಬ ಅಗ್ಗದ ಆವೃತ್ತಿ 2 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸುತ್ತಿರಲಿಲ್ಲ. ಯಂತ್ರಕ್ಕೆ ಶಕ್ತಿಯಿದ್ದರೂ ಅಷ್ಟೇ. ಹೆಚ್ಚು ಹಣ ಕೊಟ್ಟು ಮೇಲಿನ ಆವೃತ್ತಿಯನ್ನು ಪಡೆದವರಿಗೆ ಬೇಲಿ ಇನ್ನೂ ದೂರದಲ್ಲಿರುತ್ತಿತ್ತು. ಆಶ್ಚರ್ಯದ ಸಂಗತಿಯೆಂದರೆ, 32-ಬಿಟ್ ಯಂತ್ರಕ್ಕೆ 4 ಜಿಬಿಯೇ ಕೊನೆಯೆಂಬುದೂ ಪೂರ್ತಿ ನಿಜವಲ್ಲ. 1995ರ ಪೆಂಟಿಯಂ ಪ್ರೊ ಕಾಲದಿಂದಲೂ ಇಂಟೆಲ್ ಪ್ರೊಸೆಸರುಗಳಲ್ಲಿ ಮನೆ ನಂಬರನ್ನು 36 ಸ್ಥಾನಗಳಿಗೆ ವಿಸ್ತರಿಸಿ 64 ಜಿಬಿಯವರೆಗೆ ಮೆಮೊರಿ ತಲುಪುವ ಒಂದು ಉಪಾಯವಿತ್ತು. 32-ಬಿಟ್ ಲಿನಕ್ಸ್ ಅದನ್ನು ಬಳಸಿಕೊಂಡಿತು; ಮೈಕ್ರೋಸಾಫ್ಟ್ ತನ್ನ ಕೆಲವು ಸರ್ವರ್ ಆವೃತ್ತಿಗಳಲ್ಲಿ ಬಳಸಿತು. ಮನೆಬಳಕೆಯ ವಿಂಡೋಸಿಗೆ ಮಾತ್ರ 4 ಜಿಬಿಯ ಮಿತಿಯನ್ನು ಉಳಿಸಿಕೊಂಡಿತು. ಅನೇಕ ಉಪಕರಣಗಳ ಚಾಲಕ ತಂತ್ರಾಂಶಗಳು ಅದರಾಚೆಗೆ ಸರಿಯಾಗಿ ನಡೆಯುತ್ತಿರಲಿಲ್ಲ ಎಂಬುದು ಅದಕ್ಕೆ ಕೊಡಲಾದ ಕಾರಣ. ಕಾರಣದಲ್ಲಿ ಹುರುಳಿದ್ದಿರಬಹುದು. ಆದರೂ ಅದು ಮನುಷ್ಯರು ತೀರ್ಮಾನಿಸಿ ಎಳೆದ ಗೆರೆ ಎಂಬುದನ್ನು ಮರೆಯಬಾರದು.

ಮೂರನೆಯದು ಪಂಚಾಂಗದ ಬೇಲಿ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 10ಕ್ಕೆ ಭದ್ರತೆಯ ತೇಪೆಗಳನ್ನು ಇನ್ನೊಂದು ವರ್ಷ ಪಡೆಯುವ ಒಂದು ಯೋಜನೆಯನ್ನು ಪ್ರಕಟಿಸಿದ್ದು ನಿಜ. ಆದರೆ 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಕೇವಲ 64-ಬಿಟ್. ಅದಕ್ಕೆ ಕನಿಷ್ಠ 4 ಜಿಬಿ ಮೆಮೊರಿಯ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಭಾಗವೂ, ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರೂ ಇರಬೇಕು. 2017ಕ್ಕಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳಲ್ಲಿ ಬಹುತೇಕ ಯಾವುದೂ ಆ ಪಟ್ಟಿಯಲ್ಲಿಲ್ಲ. ಅಂದರೆ 8 ಜಿಬಿ ಮೆಮೊರಿಯಿದ್ದು, 64-ಬಿಟ್ ಆಗಿದ್ದು, ನಿನ್ನೆಯವರೆಗೆ ಚೆನ್ನಾಗಿ ಕೆಲಸ ಮಾಡುತ್ತಿದ್ದ ಯಂತ್ರವೂ ಒಂದು ಬೆಳಗ್ಗೆ 'ಅನರ್ಹ' ಎನಿಸಿಕೊಳ್ಳುತ್ತದೆ. ಈ ಬದಲಾವಣೆಯಿಂದ ಜಗತ್ತಿನಾದ್ಯಂತ ಸುಮಾರು 24 ಕೋಟಿ ಕಂಪ್ಯೂಟರುಗಳು ಕಸದ ರಾಶಿಗೆ ಸೇರಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅಂದಾಜಿಸಿತ್ತು.

ತೀರ್ಮಾನಿಸುವ ಕ್ರಮ

ಆದ್ದರಿಂದ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟು. ಮೊದಲು ಯಂತ್ರದ ಜಾತಕವನ್ನು ನೋಡಿ. ವಿಂಡೋಸ್ 10 ಇದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ 'ಅಬೌಟ್' ಎಂಬಲ್ಲಿ ಆಪರೇಟಿಂಗ್ ಸಿಸ್ಟಂ ಎಷ್ಟು ಬಿಟ್, ಪ್ರೊಸೆಸರ್ ಎಷ್ಟು ಬಿಟ್ ಎಂಬ ಎರಡನ್ನೂ ಬೇರೆ ಬೇರೆಯಾಗಿ ತಿಳಿಸಿರುತ್ತದೆ. 64-ಬಿಟ್ ಪ್ರೊಸೆಸರಿನ ಮೇಲೆ 32-ಬಿಟ್ ವ್ಯವಸ್ಥೆ ಕುಳಿತಿರುವ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಎತ್ತಿಗೆ ಶಕ್ತಿಯಿದ್ದರೂ ನೊಗ ಚಿಕ್ಕದು!

ಎರಡನೆಯದಾಗಿ, ಆ ಮಾದರಿಯ ಯಂತ್ರ ಗರಿಷ್ಠ ಎಷ್ಟು ಮೆಮೊರಿಯನ್ನು ಒಪ್ಪುತ್ತದೆ, ಅದರಲ್ಲಿ ಖಾಲಿ ಜಾಗವಿದೆಯೇ ಎಂದು ನೋಡಬೇಕು. ತೆಳ್ಳನೆಯ ಕೆಲವು ಮಾದರಿಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಏನೂ ಮಾಡಲಾಗದು. ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಂಬ ತಲೆಮಾರುಗಳಿದ್ದು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲವಾದ್ದರಿಂದ ಹಳೆಯ ತುಂಡನ್ನು ಬಿಚ್ಚಿಸಿ ಜೊತೆಯಲ್ಲಿಯೇ ಒಯ್ಯುವುದು ಕ್ಷೇಮ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಹೊಸ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿತು. ಆದ್ದರಿಂದ ಕೆಟ್ಟುಹೋದ ಬೇರೊಂದು ಲ್ಯಾಪ್‌ಟಾಪಿನಿಂದ ಬಿಚ್ಚಿದ ತುಂಡು ಸಿಗುವುದೇ ಎಂದು ರಿಪೇರಿ ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಮೇಲು.

ಮೂರನೆಯದಾಗಿ, ಮೆಮೊರಿ ಹೆಚ್ಚಿಸಲು ಸಾಧ್ಯವಿಲ್ಲದ 2 ಜಿಬಿಯ ಯಂತ್ರವನ್ನು 64-ಬಿಟ್‌ಗೆ ಬದಲಿಸಿ ವೇಗ ಹೆಚ್ಚಿತೆಂದು ನಿರೀಕ್ಷಿಸಬೇಡಿ. ಉದ್ದದ ನಂಬರುಗಳೂ ಜಾಗ ತಿನ್ನುವುದರಿಂದ 64-ಬಿಟ್ ವ್ಯವಸ್ಥೆ ಅದೇ ಕೆಲಸಕ್ಕೆ ತುಸು ಹೆಚ್ಚೇ ಮೆಮೊರಿ ಬೇಡುತ್ತದೆ. ಮೆಮೊರಿಯನ್ನು 4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಮಾಡಬಲ್ಲೆವೆಂದಾದರೆ ಬದಲಾವಣೆ ಸಾರ್ಥಕ. ಇನ್ನೊಂದು ಮಾತು: ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಬರುವ ಚುರುಕು ಅನೇಕ ಸಂದರ್ಭಗಳಲ್ಲಿ ಮೆಮೊರಿಯಿಂದ ಬರುವುದಕ್ಕಿಂತ ಹೆಚ್ಚು. ಕೊರತೆ ಕಣದ್ದೋ ಕಣಜದ ಬಾಗಿಲಿನದೋ ಎಂಬುದನ್ನು ಪರೀಕ್ಷಿಸಿದ ಮೇಲೆಯೇ ಹಣ ಬಿಚ್ಚಬೇಕು.

ನಾಲ್ಕನೆಯದು ಬಹಳ ಮುಖ್ಯ. 32-ಬಿಟ್ ವಿಂಡೋಸಿನ ಮೇಲೆಯೇ 64-ಬಿಟ್ ವಿಂಡೋಸನ್ನು ಹೊದಿಸಲು ಬರುವುದಿಲ್ಲ. ಹಳೆಯದನ್ನು ಅಳಿಸಿ ಹೊಸದಾಗಿಯೇ ಹಾಕಬೇಕು. ಆದ್ದರಿಂದ ಎಲ್ಲ ಕಡತಗಳನ್ನೂ ಬೇರೆಡೆ ನಕಲು ಮಾಡಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಕೂಡದು. ಹಳೆಯ ಪ್ರಿಂಟರಿಗೆ 64-ಬಿಟ್ ಚಾಲಕ ತಂತ್ರಾಂಶ ದೊರೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ವಿಂಡೋಸನ್ನೇ ಬಿಟ್ಟು ಲಿನಕ್ಸಿಗೆ ಹೋಗುವವರು ನುಡಿ, ಬರಹಗಳಲ್ಲಿ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪು ಮಾಡಿದ ಬರಹಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಲಿನಕ್ಸಿನಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಇನ್‌ಸ್ಕ್ರಿಪ್ಟ್ ಇದೆ, ನಮಗೆ ರೂಢಿಯಾಗಿರುವ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಇದೆ, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳೂ ಇವೆ.

ಶುದ್ಧ 32-ಬಿಟ್ ಯಂತ್ರವಿರುವವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಲ್ಲಿ ಅಂಥ ಯಂತ್ರಗಳಿಗೆ ಪೂರ್ಣ ಆವೃತ್ತಿಯಿದ್ದು, ಅದಕ್ಕೆ 2028ರ ಜೂನಿನವರೆಗೆ ಬೆಂಬಲದ ಯೋಜನೆಯಿದೆ. 2025ರ ಆಗಸ್ಟಿನ ಡೆಬಿಯನ್ 13ರಲ್ಲಿ 32-ಬಿಟ್ ಯಂತ್ರಗಳಿಗೆ ಹೊಸದಾಗಿ ಅಳವಡಿಸುವ ಸೌಲಭ್ಯವನ್ನು ಕೈಬಿಡಲಾಯಿತು. ಅಂದರೆ ಮುಕ್ತ ತಂತ್ರಾಂಶದ ಲೋಕದಲ್ಲಿಯೂ ಹಳೆಯದಕ್ಕೆ ಕೊನೆಯಿದೆ. ವ್ಯತ್ಯಾಸವೆಂದರೆ ಆ ಕೊನೆ ನಿಧಾನವಾಗಿ ಬರುತ್ತದೆ, ಬರುವ ಕಾರಣವನ್ನು ಬಹಿರಂಗವಾಗಿ ಚರ್ಚಿಸಲಾಗುತ್ತದೆ, ಮುಂದುವರಿಸುವ ಮನಸ್ಸುಳ್ಳವರಿಗೆ ಮೂಲ ಸಂಕೇತವೇ ಕೈಯಲ್ಲಿರುತ್ತದೆ.

ಹೊಸದರ ನಿಜವಾದ ಬೆಲೆ

ಇಷ್ಟೆಲ್ಲ ತಾಪತ್ರಯ ಏಕೆ, ಹೊಸದನ್ನೇ ಕೊಂಡರಾಗದೇ ಎನ್ನುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. 30 ವ್ಯಾಟಿನ ಲ್ಯಾಪ್‌ಟಾಪನ್ನು ದಿನಕ್ಕೆ 4 ಗಂಟೆಯಂತೆ ವರ್ಷದಲ್ಲಿ 300 ದಿನ ಬಳಸಿದರೆ ಖರ್ಚಾಗುವ ವಿದ್ಯುತ್ತು 36 ಯೂನಿಟ್. ನಮ್ಮ ದೇಶದ ಕಲ್ಲಿದ್ದಲು ಪ್ರಧಾನ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದಿಟ್ಟುಕೊಂಡರೂ ವರ್ಷಕ್ಕೆ ಸುಮಾರು 25 ಕಿಲೋ ಆಯಿತು. ಒಂದು ಹೊಸ ಲ್ಯಾಪ್‌ಟಾಪನ್ನು ತಯಾರಿಸುವಾಗ ಹೊರಬೀಳುವ ಇಂಗಾಲ, ತಯಾರಕರೇ ಪ್ರಕಟಿಸುವ ವರದಿಗಳ ಪ್ರಕಾರ, ಸಾಮಾನ್ಯವಾಗಿ ಇನ್ನೂರು ಕಿಲೋ ಆಸುಪಾಸು. ಅಂದರೆ ಅಂಗಡಿಯಿಂದ ಮನೆಗೆ ತರುವ ಹೊತ್ತಿಗೇ ಅದು ಏಳೆಂಟು ವರ್ಷ ಓಡಿಸಿದಷ್ಟು ಹೊರೆಯನ್ನು ಭೂಮಿಯ ಮೇಲೆ ಹಾಕಿರುತ್ತದೆ. ಹೊಸದು ಕಡಿಮೆ ವಿದ್ಯುತ್ತು ಬಳಸುತ್ತದೆಂಬ ವಾದ ಈ ಲೆಕ್ಕದ ಮುಂದೆ ನಿಲ್ಲಲಾರದು.

ಇನ್ನು ಎಸೆದದ್ದು ಎಲ್ಲಿಗೆ ಹೋಗುತ್ತದೆ? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ 2010ರಲ್ಲಿ 3.4 ಕೋಟಿ ಟನ್ನಿನಷ್ಟಿದ್ದ ಎಲೆಕ್ಟ್ರಾನಿಕ್ ಕಸ 2022ರಲ್ಲಿ 6.2 ಕೋಟಿ ಟನ್ನಿಗೆ ಏರಿತ್ತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೆ ಹೋದುದಕ್ಕೆ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಮೊದಲಾದೆಡೆ ಬಡವರು ಬರಿಗೈಯಲ್ಲಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ, ತಂತಿಗಳನ್ನು ಸುಟ್ಟು ತಾಮ್ರ, ಚಿನ್ನ ತೆಗೆಯುವುದು ಅನೇಕ ವರ್ಷಗಳಿಂದ ವರದಿಯಾಗುತ್ತಲೇ ಇದೆ. ಸೀಸ, ಕ್ಯಾಡ್ಮಿಯಂಗಳು ಅವರ ಮಣ್ಣಿಗೆ, ನೀರಿಗೆ, ಉಸಿರಿಗೆ ಸೇರುತ್ತವೆ. ನಮ್ಮ ಊರಿನ ಗುಜರಿಗೆ ಹಾಕಿದ ಲ್ಯಾಪ್‌ಟಾಪ್ ಕಣ್ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಒಬ್ಬರ ಅನುಕೂಲಕ್ಕೆ ಇನ್ನೊಬ್ಬರ ನೆಲ ಬೆಲೆ ತೆರುವ ಈ ಪರಿ ಹರಿಹರದ ಸೀಮೆಯವರಿಗೆ ಪಾಠ ಹೇಳಿ ತಿಳಿಸಬೇಕಾದುದಲ್ಲ. ಹರಿಹರದೆದುರು ತುಂಗಭದ್ರೆಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿರುವ ಪಾಲಿಫೈಬರ್ಸ್ ಕಾರ್ಖಾನೆಯ ನೀಲಗಿರಿ ಹಸಿವಿಗಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿ, ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯನ್ನು ಅದಕ್ಕೆ ಒಪ್ಪಿಸಲು ಸರ್ಕಾರ ಹೊರಟಿತ್ತು. ಎಲ್ಲೋ ಯಾರೋ ಉಡುವ ರೇಯಾನ್ ಬಟ್ಟೆಗೆ ಹಳ್ಳಿಯ ದನಕರುಗಳ ಮೇವು ಬೆಲೆಯಾಗಲಿತ್ತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಮ್ಮ ಚಳವಳಿಯ ಮರೆಯಲಾಗದ ಅಧ್ಯಾಯ. ಮುಂದೆ 1991ರಲ್ಲಿ ಆ ಕಂಪನಿ ಮುಚ್ಚಿತು. ಬಳಸುವವನ ಕಣ್ಣಿಗೆ ಬೀಳದ ಬೆಲೆಯನ್ನು ಅಂದು ಎತ್ತಿ ತೋರಿಸಿದ ನಾವು, ಇಂದು ನಾವೇ ಬಳಸುವವರಾಗಿರುವಾಗ ಅದೇ ಲೆಕ್ಕಕ್ಕೆ ಒಳಪಡಬೇಡವೇ?

ರಿಪೇರಿಯ ಪಾಠವೂ ಇದೇ ನೆಲದಲ್ಲಿದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಮೀರಿವೆ. ಆದರೆ ಅದು ತಯಾರಿಸಿದ ಲೇತ್‌ಗಳು ಇಂದಿಗೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಸವೆದ ಭಾಗವನ್ನು ಬದಲಿಸಲು ಬರುವಂತೆ ಅವನ್ನು ಕಟ್ಟಲಾಗಿತ್ತು. ತಯಾರಿಸಿದವನು ಬಾಗಿಲು ಹಾಕಿದ ಮೇಲೂ ಅವುಗಳ ಆಯುಷ್ಯ ಬಳಸುವವನ ಕೈಯಲ್ಲಿ ಉಳಿಯಿತು. ನೇಗಿಲ ಗುಳ ಸವೆದರೆ ಕುಲುಮೆಗೆ ಒಯ್ದು ತಟ್ಟಿಸಿಕೊಂಡು ಬರುವ ನಾವು ನೇಗಿಲನ್ನೇ ಬಿಸಾಡುವುದಿಲ್ಲ. ಲ್ಯಾಪ್‌ಟಾಪಿಗೆ ಮಾತ್ರ ಬೇರೆ ನ್ಯಾಯವೇಕೆ?

ಆಕ್ಷೇಪಗಳನ್ನೂ ಕೇಳೋಣ

ಹಳೆಯದನ್ನೆಲ್ಲ ಅಪ್ಪಿಕೊಂಡು ಕೂರಬೇಕೆಂಬುದು ನಮ್ಮ ವಾದವಲ್ಲ. ಭದ್ರತೆಯ ತೇಪೆಗಳು ನಿಂತುಹೋದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು, ವಿದ್ಯಾರ್ಥಿವೇತನದ ಅರ್ಜಿಗೆ ಆಧಾರ್ ವಿವರ ತುಂಬುವುದು ಬಾಗಿಲಿಗೆ ಅಗುಳಿಯಿಲ್ಲದ ಮನೆಯಲ್ಲಿ ಮಲಗಿದಂತೆ. ಅದಕ್ಕಾಗಿಯೇ ಹೇಳುತ್ತೇವೆ: ಯಂತ್ರವನ್ನು ಉಳಿಸಿ, ವ್ಯವಸ್ಥೆಯನ್ನು ಬದಲಿಸಿ. ಅಂತರಜಾಲವಿಲ್ಲದೆ ಕೇವಲ ಬರವಣಿಗೆಗೆ ಬಳಸುವುದಾದರೆ ಮಾತ್ರ ಹಳೆಯ ವ್ಯವಸ್ಥೆಯನ್ನು ಹಾಗೆಯೇ ಇಟ್ಟುಕೊಳ್ಳಬಹುದು.

ವಿದ್ಯಾರ್ಥಿಯ ಸಮಯಕ್ಕೂ ಬೆಲೆಯುಂಟು. ಎಂಜಿನಿಯರಿಂಗ್ ಓದುವವರಿಗೆ ವಿನ್ಯಾಸದ ಭಾರವಾದ ತಂತ್ರಾಂಶಗಳು ಬೇಕಾಗಬಹುದು. ಲೆಕ್ಕಪತ್ರ ಕಲಿಯುವವರಿಗೆ ವಿಂಡೋಸಿನಲ್ಲಿ ಮಾತ್ರ ನಡೆಯುವ ತಂತ್ರಾಂಶ ಬೇಕಾಗಬಹುದು. ಬಡವರ ಮಕ್ಕಳು ಹಳತರಲ್ಲೇ ತೃಪ್ತರಾಗಲಿ ಎಂದು ಉಪದೇಶಿಸುವ ಅಧಿಕಾರ ಯಾರಿಗೂ ಇಲ್ಲ. ಅವಶ್ಯಕತೆ ನಿಜವಾಗಿದ್ದರೆ ಕೊಳ್ಳಲಿ. ಆಗಲೂ ಕಚೇರಿಗಳಿಂದ ಹೊರಬಂದು ದುರಸ್ತಿಯಾದ ಒಳ್ಳೆಯ ಯಂತ್ರಗಳನ್ನು ಮೊದಲು ನೋಡಲಿ. ಹೊಸದೇ ಆದರೆ ಮೆಮೊರಿ, ಡಿಸ್ಕ್, ಬ್ಯಾಟರಿ ಮೂರನ್ನೂ ಬಿಚ್ಚಿ ಬದಲಿಸಲು ಬರುವ ಮಾದರಿಯನ್ನು ಆರಿಸಲಿ. ತಮ್ಮ ಹಳೆಯ ಯಂತ್ರವನ್ನು ಪ್ರೌಢಶಾಲೆಯ ಹುಡುಗನಿಗೋ ಹುಡುಗಿಗೋ ದಾಟಿಸಲಿ. ಒಂದು ಎಚ್ಚರಿಕೆಯ ಮಾತು: ಉಬ್ಬಿದ ಬ್ಯಾಟರಿಯಿರುವ ಲ್ಯಾಪ್‌ಟಾಪನ್ನು ಒಂದು ದಿನವೂ ಬಳಸಕೂಡದು, ಬ್ಯಾಟರಿಯನ್ನು ಚುಚ್ಚಕೂಡದು, ಬೆಂಕಿಗೆ ಹಾಕಕೂಡದು. ಅಲ್ಲಿ ಉಳಿತಾಯದ ಮಾತಿಲ್ಲ.

ನೆರೆಯವರು ಮಾಡಿ ತೋರಿಸಿದ್ದು

ಇವೆಲ್ಲ ಹೇಳುವುದಕ್ಕೆ ಚೆಂದ, ಮಾಡುವುದಕ್ಕಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಅಲ್ಲಿನ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಇತರ ಮಕ್ಕಳಂತೆಯೇ ಕಂಪ್ಯೂಟರ್ ಕಲಿಯುವುದು ಲಿನಕ್ಸಿನಲ್ಲಿ. 2001ರಲ್ಲಿ 'ಐಟಿ ಅಟ್ ಸ್ಕೂಲ್' ಎಂದು ಆರಂಭವಾಗಿ ಮುಂದೆ 'ಕೈಟ್' ಎಂಬ ಹೆಸರು ಪಡೆದ ಅಲ್ಲಿನ ಸಂಸ್ಥೆ, ಶಾಲೆಗಳಿಗೆ ಬೇಕಾದುದನ್ನೆಲ್ಲ ಸೇರಿಸಿ ತನ್ನದೇ ಕಾರ್ಯಾಚರಣ ವ್ಯವಸ್ಥೆಯನ್ನು ಸಿದ್ಧಪಡಿಸುತ್ತದೆ. ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಲ್ಲಿ ಮುಕ್ತ ತಂತ್ರಾಂಶ ಬಳಸಿದ್ದರಿಂದ ಸುಮಾರು 3,000 ಕೋಟಿ ರೂಪಾಯಿ ಉಳಿತಾಯವಾಗಿದೆಯೆಂದು 2019ರಲ್ಲಿ ಅದು ಲೆಕ್ಕ ಹೇಳಿತ್ತು. ಹಣದ ಮಾತು ಹಾಗಿರಲಿ. ಯಂತ್ರವನ್ನು ಯಾವಾಗ ಬದಲಿಸಬೇಕೆಂಬ ತೀರ್ಮಾನ ಅಲ್ಲಿ ದೂರದ ಕಂಪನಿಯೊಂದರ ಪಂಚಾಂಗಕ್ಕೆ ಕಟ್ಟುಬಿದ್ದಿಲ್ಲ.

ನಮ್ಮ ರಾಜ್ಯ ಸರ್ಕಾರವೂ ಕಳೆದ ದಶಕದಿಂದೀಚೆಗೆ ಕಾಲೇಜು ವಿದ್ಯಾರ್ಥಿಗಳಿಗೆ ಬೇರೆ ಬೇರೆ ಯೋಜನೆಗಳಲ್ಲಿ ಲ್ಯಾಪ್‌ಟಾಪುಗಳನ್ನು ಹಂಚಿದೆ. ಹಂಚುವ ದಿನ ಸಮಾರಂಭ ನಡೆಯುತ್ತದೆ, ಭಾವಚಿತ್ರ ಬರುತ್ತದೆ. ಐದು ವರ್ಷಗಳ ನಂತರ ಅವುಗಳ ಗತಿಯೇನಾಯಿತೆಂದು ಕೇಳುವವರಿಲ್ಲ. ಇನ್ನು ಮುಂದೆ ಇಂಥ ಖರೀದಿಯ ಟೆಂಡರಿನಲ್ಲಿಯೇ ಕೆಲವು ಷರತ್ತುಗಳಿರಬೇಕೆಂದು ನಾವು ಒತ್ತಾಯಿಸಬೇಕು. ಮೆಮೊರಿ ಹೆಚ್ಚಿಸಲು ಖಾಲಿ ಜಾಗವಿರಬೇಕು. ಬ್ಯಾಟರಿ ಸುಲಭವಾಗಿ ಬಿಚ್ಚುವಂತಿರಬೇಕು. ಬಿಡಿಭಾಗಗಳು ಕನಿಷ್ಠ ಏಳೆಂಟು ವರ್ಷ ದೊರೆಯಬೇಕು. ಕನ್ನಡ ಸಜ್ಜಿತವಾದ ಮುಕ್ತ ಕಾರ್ಯಾಚರಣ ವ್ಯವಸ್ಥೆಯೊಂದು ಜೊತೆಗೆ ಬರಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಮರುಸಂಸ್ಕರಣೆಯ ಹೊಣೆ ಹೊರಿಸುವುದರ ಜೊತೆಗೆ ಹಳೆಯದನ್ನು ದುರಸ್ತಿಮಾಡಿ ಮರುಬಳಕೆಗೆ ಕೊಡುವವರನ್ನೂ ಗುರುತಿಸುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಜಾಲತಾಣವನ್ನೂ ತೆರೆಯಿತು. ಕಾಗದದ ಮೇಲಿರುವ ಈ ಹಕ್ಕು ನಮ್ಮ ತಾಲ್ಲೂಕಿನ ರಿಪೇರಿ ಅಂಗಡಿಯ ಮೇಜಿನವರೆಗೆ ಬರಬೇಕಾದರೆ ಕೇಳುವ ಜನ ಬೇಕು.

ನಾವು ಇಂದೇ ಮಾಡಬಹುದಾದ ಕೆಲಸವೂ ಇದೆ. ಪ್ರತಿ ಊರಿನಲ್ಲಿಯೂ ಮೂಲೆಗೆ ಬಿದ್ದಿರುವ ಲ್ಯಾಪ್‌ಟಾಪುಗಳ ಒಂದು ಪಟ್ಟಿಯನ್ನು ವಿದ್ಯಾರ್ಥಿಗಳು ಸಿದ್ಧಪಡಿಸಲಿ. ಯಾವುದರ ಪ್ರೊಸೆಸರ್ ಎಷ್ಟು ಬಿಟ್, ಮೆಮೊರಿ ಎಷ್ಟಿದೆ, ಎಷ್ಟಕ್ಕೆ ಏರಿಸಬಹುದು, ಡಿಸ್ಕಿನ ಸ್ಥಿತಿಯೇನು ಎಂದು ಬರೆಯಲಿ. ಎರಡು ಕೆಟ್ಟ ಯಂತ್ರಗಳ ಮೆಮೊರಿ ಸೇರಿ ಒಂದು ಒಳ್ಳೆಯ ಯಂತ್ರವಾಗಬಹುದು. ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಒದಗುವಂತೆ, ಕಡತಗಳ ನಕಲು ತೆಗೆಯುವುದಕ್ಕೂ ಹೊಸ ವ್ಯವಸ್ಥೆಯನ್ನು ಅಳವಡಿಸುವುದಕ್ಕೂ ತಿಳಿದವರು ತಿಳಿಯದವರಿಗೆ ಕೈಜೋಡಿಸಲಿ. ಯಾವ ರೀತಿಯಿಂದಲೂ ಉಳಿಯಲಾರದ ಯಂತ್ರಗಳನ್ನು ಮಾತ್ರ ಒಟ್ಟುಗೂಡಿಸಿ ನೋಂದಾಯಿತ ಮರುಸಂಸ್ಕರಣೆಗಾರರಿಗೆ ಒಪ್ಪಿಸೋಣ.

ಮೆಮೊರಿಗಾಗಿ ಆಪರೇಟಿಂಗ್ ಸಿಸ್ಟಂ ಬದಲಿಸಬೇಕೇ ಎಂದು ಕೇಳಿದ ವಿದ್ಯಾರ್ಥಿಗೆ ನಮ್ಮ ಉತ್ತರ ಹೀಗಿದೆ: ಯಂತ್ರ ಒಪ್ಪುವುದಾದರೆ, ಕೆಲಸಕ್ಕೆ ಬೇಕಾಗಿದ್ದರೆ, ಖಂಡಿತ ಬದಲಿಸು, ಕಣವನ್ನು ಹಿಗ್ಗಿಸು, ಇನ್ನೈದು ವರ್ಷ ದುಡಿಸಿಕೋ. ಯಂತ್ರ ಒಪ್ಪದಿದ್ದರೆ ಅದಕ್ಕೆ ತಕ್ಕ ಹಗುರ ವ್ಯವಸ್ಥೆಯನ್ನೂ ಹಗುರ ಕೆಲಸವನ್ನೂ ಕೊಡು. ಕಂಪನಿಯ ಪಂಚಾಂಗ ಹೇಳಿತೆಂಬ ಒಂದೇ ಕಾರಣಕ್ಕೆ ಮಾತ್ರ ಎಸೆಯಬೇಡ.